ಮಗುವಿಗೆ ಇಂಗ್ಲಿಷ್ ಸ್ಪೆಲ್ಲಿಂಗ್: ಸದ್ದಿನಿಂದ ಶುರು ಮಾಡಿ, ಅಕ್ಷರದ ಹೆಸರನ್ನೂ ಕೈಬಿಡಬೇಡಿ

“ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು.” ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಸ್ಪೆಲ್ಲಿಂಗ್ ಕಲಿತದ್ದು ಹೀಗೆ, ಮಗ್ಗಿಯಂತೆ ರಾಗ ಎಳೆದು. ಸಿ, ಎ, ಟಿ ಎಂಬ ಮೂರು ಹೆಸರುಗಳನ್ನು ಎಷ್ಟು ಬೇಗ ಹೇಳಿದರೂ ಸಿಯೇಟಿ ಆಗುತ್ತದೆ, ಕ್ಯಾಟ್ ಆಗುವುದಿಲ್ಲ. ಹೀಗೆ ಬಾಯಿಪಾಠ ಮಾಡಿದ ಮಗು ಕ್ಯಾಟ್ ಎಂದು ಸರಿಯಾಗಿ ಬರೆಯುತ್ತದೆ. ಕ್ಯಾಪ್ ಬರಿ ಎಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ, ಏಕೆಂದರೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ಈಗ ಗಾಳಿ ಇನ್ನೊಂದು ಕಡೆಗೆ ಬೀಸಿದೆ. ಫೋನಿಕ್ಸ್, ಅಂದರೆ ಅಕ್ಷರದ ಸದ್ದು ಹಿಡಿದು ಓದು ಬರಹ ಕಲಿಸುವ ವಿಧಾನ, ಇರುವ ಶಾಲೆಗಳಲ್ಲಿ “ಮನೆಯಲ್ಲಿ ಎ ಬಿ ಸಿ ಡಿ ಹೇಳಿಕೊಡಬೇಡಿ, ಸದ್ದು ಮಾತ್ರ ಹೇಳಿಸಿ” ಎನ್ನುವುದುಂಟು. ಅಜ್ಜಿ ತಾತ ಎ ಬಿ ಸಿ ಡಿ ಹಾಡಿಸುತ್ತಾರೆ, ಟೀಚರ್ ಬೇಡ ಎನ್ನುತ್ತಾರೆ, ಅಪ್ಪ ಅಮ್ಮ ಗೊಂದಲಕ್ಕೆ ಬೀಳುತ್ತಾರೆ. ನನ್ನ ಅಭಿಪ್ರಾಯ ಸ್ಪಷ್ಟ: ಎರಡೂ ಬೇಕು. ಎರಡಕ್ಕೂ ಬೇರೆ ಬೇರೆ ಕೆಲಸವಿದೆ, ಎರಡಕ್ಕೂ ಅದರದೇ ಸಮಯವಿದೆ. ಮನೆಯಲ್ಲಿ ಕನ್ನಡ ಮಾತಾಡುವ ನಾಲ್ಕರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೆಜ್ಜೆಗಳನ್ನು ಬರೆಯುತ್ತಿದ್ದೇನೆ.

ಓದುವ ಮುನ್ನ ಒಂದು ಸೂಚನೆ. ಸಿ-ಎ-ಟಿ ಎಂದು ಅಡ್ಡಗೆರೆ ಹಾಕಿ ಬರೆದಲ್ಲಿ ಅವು ಅಕ್ಷರದ ಹೆಸರುಗಳು. ಕ್, ಸ್, ಟ್ ಎಂದು ಅರ್ಧಾಕ್ಷರದಲ್ಲಿ ಬರೆದಲ್ಲಿ ಅವು ಸದ್ದುಗಳು.

ಕನ್ನಡದ ಮಗುವಿಗೆ ಇದು ಏಕೆ ತೊಡಕು

ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಸದ್ದೂ ಒಂದೇ. ‘ಮ’ ಎಂಬ ಅಕ್ಷರವನ್ನು ಮ ಎಂದೇ ಕರೆಯುತ್ತೇವೆ, ಮರ ಎಂಬಲ್ಲಿ ಹಾಗೆಯೇ ಓದುತ್ತೇವೆ. ಇಂಗ್ಲಿಷಿನಲ್ಲಿ 26 ಅಕ್ಷರಗಳು, ಸುಮಾರು 44 ಸದ್ದುಗಳು. ಹೆಸರೇ ಬೇರೆ, ಸದ್ದೇ ಬೇರೆ. ಒಂದೇ ಅಕ್ಷರಕ್ಕೆ ಎರಡು ಮೂರು ಸದ್ದು, ಒಂದೇ ಸದ್ದಿಗೆ ನಾಲ್ಕು ಬಗೆಯ ಬರವಣಿಗೆ. ‘ಹೆಸರು ಗೊತ್ತಾದರೆ ಓದಲು ಬಂತು’ ಎಂದು ಕನ್ನಡದಿಂದ ಕಲಿತ ಮಗು ಇಲ್ಲಿ ಮುಗ್ಗರಿಸುವುದು ಸಹಜ.

ಇನ್ನೊಂದು ಕಾರಣ ಸ್ವಲ್ಪ ಆಳದ್ದು. ಕನ್ನಡ ಲಿಪಿಯಲ್ಲಿ ವ್ಯಂಜನ ಸ್ವರ ಎರಡೂ ಸೇರಿ ಒಂದು ಅಕ್ಷರ. ಆದ್ದರಿಂದ ಮಗುವಿನ ಕಿವಿ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಲು ಪಳಗಿರುತ್ತದೆ: ಕ-ಮ-ಲ. ಕ ಎಂಬುದರೊಳಗೆ ಕ್ ಮತ್ತು ಅ ಎಂಬ ಎರಡು ಸದ್ದಿವೆ ಎಂದು ಕೇಳಿಸಿಕೊಳ್ಳುವ ಅಭ್ಯಾಸ ಕಡಿಮೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು. ಅಕ್ಷರವಾಗಿ ಬಿಡಿಸುವುದು ಮಕ್ಕಳಿಗೆ ಬೇಗ ಬರುತ್ತದೆ, ಅದಕ್ಕಿಂತ ಚಿಕ್ಕ ಬಿಡಿ ಸದ್ದುಗಳ ಅರಿವು ನಿಧಾನವಾಗಿ ಬೆಳೆಯುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗಿಗೆ ಬೇಕಿರುವುದು ಆ ಚಿಕ್ಕ ಸದ್ದಿನ ಅರಿವೇ. ಹಾಗಾಗಿ ನಮ್ಮ ಮಕ್ಕಳಿಗೆ ಮೊದಲ ಹೆಜ್ಜೆಯಲ್ಲಿ ಹೆಚ್ಚು ದಿನ ನಿಲ್ಲಬೇಕಾಗುತ್ತದೆ. ಅವಸರ ಬೇಡ.

ಮೊದಲ ಹೆಜ್ಜೆ: ಪುಸ್ತಕ ಮುಚ್ಚಿಡಿ, ಕಿವಿ ತೆರೆಸಿ

ಇಲ್ಲಿ ಅಕ್ಷರವೇ ಬೇಡ. ಒಂದು ಹಿಡಿ ಹುಣಸೆ ಬೀಜ ಸಾಕು. ಒಂದೊಂದು ಸದ್ದಿಗೆ ಒಂದೊಂದು ಬೀಜ ಮುಂದೆ ತಳ್ಳುವುದು ಆಟ. ಸೋವಿಯತ್ ಮನೋವಿಜ್ಞಾನಿ ಎಲ್ಕೋನಿನ್ ಮಕ್ಕಳಿಗೆ ಚೌಕಗಳನ್ನು ಬರೆದುಕೊಟ್ಟು, ಸದ್ದಿಗೊಂದರಂತೆ ಬಿಲ್ಲೆ ಇಡಿಸುತ್ತಿದ್ದರು. ಅದೇ ವಿಧಾನ ಇದು. ಹೀಗೆ ನಡೆಯುತ್ತದೆ:

“ಪುಟ್ಟಾ, ಬಸ್ ಅನ್ನು.”

“ಬಸ್ಸು.”

“ಬಸ್ಸು ಬೇಡ. ಕೊನೇಲಿ ಉ ಬಿಟ್ಟು ಹೇಳು. ಬಸ್.”

“ಬಸ್.”

“ಮೊದಲು ಏನು ಕೇಳಿಸ್ತು?”

“ಬ.”

“ತುಟಿ ಮುಚ್ಚಿ ಬಿಡು ಅಷ್ಟೇ, ಪೂರ್ತಿ ಬ ಅನ್ನಬೇಡ. ಬ್.”

“ಬ್.” ಒಂದು ಬೀಜ ಮುಂದಕ್ಕೆ ಹೋಯಿತು.

“ಕೊನೇಲಿ?”

“ಸ್ಸ್ಸ್.” ಇನ್ನೊಂದು ಬೀಜ.

“ಮಧ್ಯದಲ್ಲಿ ಬಾಯಿ ತೆರೀತಲ್ಲ, ಆಗ?”

“ಅ.” ಮೂರನೆಯ ಬೀಜ ಎರಡರ ನಡುವೆ ಬಂದು ಕೂತಿತು.

ಈ ಪುಟ್ಟ ಮಾತುಕತೆಯಲ್ಲಿ ಎರಡು ಗಟ್ಟಿ ಕೆಲಸಗಳಾದವು. ಒಂದು, ಬಸ್ಸು, ಪೆನ್ನು, ಕಾರು, ಕಪ್ಪು ಎಂದು ಕೊನೆಗೆ ಉಕಾರ ಸೇರಿಸುವ ನಮ್ಮ ಮಾತಿನ ರೂಢಿಯನ್ನು ಬರೆಯುವ ಹೊತ್ತಿಗೆ ಪಕ್ಕಕ್ಕಿಟ್ಟೆವು. ಅದು ತಪ್ಪೇನೂ ಅಲ್ಲ, ಕನ್ನಡದ ಜಾಯಮಾನ. ಹಾಗೆಂದೇ ಮಗುವಿಗೆ ಹೇಳಿ: “ಕನ್ನಡದಲ್ಲಿ ಬಸ್ಸು, ಇಂಗ್ಲಿಷಿನಲ್ಲಿ ಬಸ್.” ಎರಡು, ಪೂರ್ತಿ ಬ ಒಡೆದು ಬ್ ಮತ್ತು ಅ ಆಯಿತು. ಇದು ಬಂದರೆ ಸ್ಪೆಲ್ಲಿಂಗಿನ ಬಾಗಿಲು ತೆರೆದಂತೆ.

ಸದ್ದು ಎಳೆಯಲು ಬರುವ ಪದಗಳಿಂದ ಶುರು ಮಾಡಿ: ಸನ್, ಮ್ಯಾನ್, ಫ್ಯಾನ್. ಸ್ಸ್ಸ್, ಮ್ಮ್ಮ್, ಫ್ಫ್ಫ್ ಎಂದು ಎಳೆದು ತೋರಿಸಬಹುದು. ಪ್, ಟ್, ಕ್ ಎಳೆಯಲು ಬಾರದವು, ಅವು ಆಮೇಲೆ. ಕಾಗುಣಿತ ಕಲಿಯುತ್ತಿರುವ ಮಗುವಾದರೆ ಇನ್ನೂ ಸುಲಭ. ಕ್ + ಅ = ಕ, ಕ್ + ಇ = ಕಿ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿ. ಇಂಗ್ಲಿಷ್ ಫೋನಿಕ್ಸಿನ ಅರ್ಧ ಪಾಠ ನಮ್ಮ ಕಾಗುಣಿತದಲ್ಲೇ ಇದೆ, ಅದನ್ನು ಬಳಸಿಕೊಳ್ಳದಿರುವುದು ದೊಡ್ಡ ನಷ್ಟ.

ಎರಡನೆಯ ಹೆಜ್ಜೆ: ಆರು ಅಕ್ಷರ, ಆರು ಸದ್ದು

ಎ ಬಿ ಸಿ ಡಿ ಕ್ರಮದಲ್ಲಿ ಹೋದರೆ ಮೊದಲ ನಾಲ್ಕು ಅಕ್ಷರಗಳಿಂದ ಕಟ್ಟಬಹುದಾದ ಪದಗಳು ಬೆರಳೆಣಿಕೆಯಷ್ಟು. ಬ್ರಿಟನ್ನಿನಲ್ಲಿ ಹುಟ್ಟಿ ನಮ್ಮ ಶಾಲೆಗಳಿಗೂ ಬಂದಿರುವ ಜಾಲಿ ಫೋನಿಕ್ಸ್ ಎಸ್, ಎ, ಟಿ, ಐ, ಪಿ, ಎನ್ ಎಂಬ ಆರರಿಂದ ಶುರುವಾಗುತ್ತದೆ. ಈ ಆರರಲ್ಲೇ ಟ್ಯಾಪ್, ಪಿನ್, ಟಿನ್, ಪ್ಯಾನ್, ಸಿಟ್, ಟಿಪ್, ಆ್ಯಂಟ್, ಸ್ಪಿನ್ ಎಲ್ಲ ಬರೆಯಬಹುದು. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲೂ ಇದೇ ಜಾಣತನವಿದೆ. ಅಲ್ಲಿ ಅ ಆ ಇ ಈ ಕ್ರಮ ಬಿಟ್ಟು ರ, ಗ, ಸ, ದ, ಅ ಮೊದಲು ಬರುತ್ತವೆ. ಐದು ಅಕ್ಷರ ಕಲಿತ ಮಗು ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ.

ಸದ್ದು ಹೇಳಿಕೊಡುವಾಗ ದೊಡ್ಡವರೇ ಎಚ್ಚರ ವಹಿಸಬೇಕು. ಟಿ ಎಂಬುದರ ಸದ್ದು ಟ್, ಟ ಅಲ್ಲ. ಪಿ ಎಂಬುದರ ಸದ್ದು ಪ್, ಪ ಅಲ್ಲ. ಟ-ಆ್ಯ-ಪ ಎಂದು ಕಲಿತ ಮಗು ಎಷ್ಟು ಸಲ ಸೇರಿಸಿ ಹೇಳಿದರೂ ಟ್ಯಾಪ್ ತಲುಪುವುದಿಲ್ಲ. ಯೂಟ್ಯೂಬಿನಲ್ಲಿ ಸಿಗುವ ಎಷ್ಟೋ ಫೋನಿಕ್ಸ್ ಹಾಡುಗಳಲ್ಲಿ ಈ ತಪ್ಪಿದೆ. ಹಾಕಿಕೊಡುವ ಮುನ್ನ ಒಮ್ಮೆ ನೀವೇ ಕೇಳಿ ನೋಡಿ.

ಬರೆಸುವಾಗ ಸಣ್ಣಕ್ಷರ ಮೊದಲು, ದೊಡ್ಡಕ್ಷರ ಆಮೇಲೆ. ಪುಸ್ತಕದಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಸಣ್ಣಕ್ಷರವೇ. ಬಿ, ಡಿ ಅದಲುಬದಲಾಗುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಎರಡನ್ನೂ ಒಂದೇ ವಾರ ಕಲಿಸದಿದ್ದರೆ ಸಾಕು.

ಮೂರನೆಯ ಹೆಜ್ಜೆ: ದಿನಕ್ಕೆ ಐದು ಪದ, ಉಕ್ತಲೇಖನ

ಹತ್ತು ನಿಮಿಷದ ಕೆಲಸ ಇದು. ಪದ ಹೇಳಿ, ಒಂದು ವಾಕ್ಯದಲ್ಲಿಟ್ಟು ಹೇಳಿ, ಮತ್ತೆ ಪದ ಹೇಳಿ. ಮಗು ಆ ಪದವನ್ನು ತನ್ನ ಬಾಯಲ್ಲಿ ಹೇಳಲಿ. ಬೀಜ ತಳ್ಳಿ ಸದ್ದು ಎಣಿಸಲಿ. ಸದ್ದು ಹೇಳುತ್ತಾ ಬರೆಯಲಿ. ಕೊನೆಗೆ ಬರೆದದ್ದನ್ನು ಬೆರಳಿಟ್ಟು ಓದಲಿ. ಈ ಕೊನೆಯ ಓದು ಬಹಳ ಮುಖ್ಯ, ಹೆಚ್ಚಿನ ತಪ್ಪುಗಳನ್ನು ಮಕ್ಕಳು ಆಗ ತಾವೇ ಹಿಡಿಯುತ್ತಾರೆ.

ನಡುನಡುವೆ ಅರ್ಥವೇ ಇಲ್ಲದ ಪದವೊಂದನ್ನು ಕೊಡಿ: ಟ್ಯಾಸ್, ನಿಸ್. ಇಂಗ್ಲೆಂಡಿನಲ್ಲಿ 2012ರಿಂದ ಐದಾರು ವರ್ಷದ ಮಕ್ಕಳಿಗೆ ನಡೆಯುವ ಫೋನಿಕ್ಸ್ ಪರೀಕ್ಷೆಯಲ್ಲಿ ಓದಲು ಕೊಡುವ 40 ಪದಗಳಲ್ಲಿ 20 ಇಂಥವೇ. ಬಾಯಿಪಾಠದಿಂದ ಬಾರದ ಪದ ಇದು. ಮಗು ಸದ್ದು ಕೇಳಿ ಬರೆಯುತ್ತಿದೆಯೋ ಇಲ್ಲವೋ ಎಂದು ಇದರಿಂದ ಸ್ಪಷ್ಟವಾಗಿ ತಿಳಿಯುತ್ತದೆ. ಮಕ್ಕಳಿಗೂ ಇಂಥ ತಮಾಷೆಯ ಪದ ಎಂದರೆ ಖುಷಿ.

“ಹತ್ತು ಸಲ ಬರಿ” ಎಂಬ ಶಿಕ್ಷೆ ಮಾತ್ರ ದಯವಿಟ್ಟು ಬೇಡ. ಐದನೆಯ ಸಾಲಿಗೆ ಬರುವಷ್ಟರಲ್ಲಿ ಮಗು ಮೇಲಿನ ಸಾಲು ನೋಡಿ ನಕಲು ಮಾಡುತ್ತಿರುತ್ತದೆ. ಕೈಗೆ ನೋವು, ಕಿವಿಗೆ ಕೆಲಸವಿಲ್ಲ.

ನಾಲ್ಕನೆಯ ಹೆಜ್ಜೆ: ಈಗ ಅಕ್ಷರದ ಹೆಸರು

ಮೊದಲ ಹತ್ತು ಹನ್ನೆರಡು ಸದ್ದು ಗಟ್ಟಿಯಾದ ಮೇಲೆ ಹೆಸರುಗಳನ್ನು ಸರಿಯಾಗಿ ಕಲಿಸಿ. ಅಷ್ಟರಲ್ಲಿ ಅಜ್ಜಿ ಹಾಡಿಸಿ ಕಲಿಸಿದ್ದರೆ ಒಳ್ಳೆಯದೇ ಆಯಿತು, ಅದರಿಂದ ಏನೂ ಕೆಡುವುದಿಲ್ಲ. “ಇದರ ಹೆಸರು ಎಸ್, ಇದು ಹೇಳೋದು ಸ್ಸ್ಸ್” ಎಂದು ಎರಡನ್ನೂ ಜೋಡಿಸಿದರಾಯಿತು.

ಹೆಸರುಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಿ, ಡಿ, ಜೆ, ಕೆ, ಪಿ, ಟಿ, ವಿ, ಝಡ್ ಇವುಗಳಲ್ಲಿ ಸದ್ದು ಹೆಸರಿನ ಮೊದಲಲ್ಲೇ ಇದೆ. ಇವನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ಎಫ್, ಎಲ್, ಎಮ್, ಎನ್, ಆರ್, ಎಸ್, ಎಕ್ಸ್ ಇವುಗಳಲ್ಲಿ ಸದ್ದು ಕೊನೆಯಲ್ಲಿದೆ, ಕೊಂಚ ತಡವಾಗುತ್ತದೆ. ನಾವು ಇವನ್ನು ಯಲ್ಲು, ಯಮ್ಮು, ಯನ್ನು ಎಂದು ಹೇಳಿಕೊಟ್ಟರೆ ಇನ್ನೂ ತಡ. ಸಿ ಮತ್ತು ಜಿ ಹೆಸರಲ್ಲಿ ಇರುವ ಸದ್ದೇ ಬೇರೆ, ಮೊದಲು ಕಲಿಸುವ ಕ್ ಮತ್ತು ಗ್ ಸದ್ದೇ ಬೇರೆ. ಡಬ್ಲ್ಯೂ, ವೈ ಎರಡರ ಹೆಸರಂತೂ ಏನೂ ಸಹಾಯ ಮಾಡುವುದಿಲ್ಲ, ದಾರಿ ತಪ್ಪಿಸುತ್ತವೆ. ವ್ ಎಂಬ ಸದ್ದಿಗೆ ವೈ ಬರೆಯುವ ಮಕ್ಕಳಿದ್ದಾರೆ, ಆ ಹೆಸರು ವ್ ಎಂದೇ ಶುರುವಾಗುತ್ತದಲ್ಲ! ಇನ್ನು ನಮ್ಮಲ್ಲಿ ಅನೇಕರು ಎಚ್ ಅನ್ನು ಹೆಚ್ ಎನ್ನುತ್ತಾರೆ. ಇದನ್ನು ತಿದ್ದಲು ಹೋಗಬೇಡಿ. ಹ್ ಸದ್ದು ಆ ಹೆಸರಲ್ಲೇ ಸಿಕ್ಕಿಬಿಡುವುದರಿಂದ ಮಗುವಿಗೆ ಅನುಕೂಲವೇ.

ಹೆಸರು ಬೇಕೇ ಬೇಕಾಗುವುದು ಎರಡು ಕಡೆ. ಮೊದಲನೆಯದು, ಎರಡು ಅಕ್ಷರ ಸೇರಿ ಒಂದು ಸದ್ದಾಗುವಾಗ. ಶಿಪ್ ಎಂಬಲ್ಲಿ ಶ್ ಹೇಗೆ ಬರೆಯಬೇಕು ಎಂದು ಮಗು ಕೇಳಿದರೆ ಸ್, ಹ್ ಎಂದು ಸದ್ದು ಹೇಳಿ ಉತ್ತರಿಸಲು ಆಗುವುದಿಲ್ಲ. “ಎಸ್-ಎಚ್ ಸೇರಿ ಶ್” ಎಂದೇ ಹೇಳಬೇಕು. ಚ್ ಎಂಬುದಕ್ಕೆ ಸಿ-ಎಚ್, ಡಕ್, ಸಾಕ್, ಬ್ಯಾಕ್‌ಗಳ ಕೊನೆಯ ಕ್ ಎಂಬುದಕ್ಕೆ ಸಿ-ಕೆ ಕೂಡ ಹೀಗೆಯೇ.

ಎರಡನೆಯದು ಸ್ವರಗಳು. ಎ, ಇ, ಐ, ಓ, ಯು ಐದರ ಹೆಸರೂ ಅವುಗಳ ಒಂದು ಸದ್ದೇ ಆಗಿದೆ. ಮ್ಯಾಟ್ ಎಂಬುದರ ಕೊನೆಗೆ ಇ ಸೇರಿಸಿದರೆ ನಡುವಿನ ಎ ತನ್ನ ಹೆಸರನ್ನೇ ಹೇಳತೊಡಗುತ್ತದೆ: ಮೇಟ್. ಕಿಟ್ ಕೈಟ್ ಆಗುತ್ತದೆ, ಹಾಪ್ ಹೋಪ್ ಆಗುತ್ತದೆ, ಕಟ್ ಕ್ಯೂಟ್ ಆಗುತ್ತದೆ. ಈ ನಾಲ್ಕು ಜೋಡಿಗಳನ್ನು ಕಾರ್ಡಿನಲ್ಲಿ ಬರೆದು, ಕೊನೆಯ ಇ ಅನ್ನು ಮಡಚಿ ಬಿಚ್ಚುವಂತೆ ಮಾಡಿಕೊಡಿ. ಮಗು ತಾನೇ ಮಡಚಿ ಬಿಚ್ಚಿ ಓದಲಿ. ಹೆಸರೇ ಗೊತ್ತಿಲ್ಲದ ಮಗುವಿಗೆ “ಎ ತನ್ನ ಹೆಸರು ಹೇಳುತ್ತದೆ” ಎಂದರೆ ಏನು ತಿಳಿದೀತು? ಹ್ಯಾವ್, ಗಿವ್ ಈ ಲೆಕ್ಕಕ್ಕೆ ಬರುವುದಿಲ್ಲ. ಇಂಗ್ಲಿಷ್ ಪದವನ್ನು ಬರಿಯ ವಿ ಇಂದ ಮುಗಿಸುವ ರೂಢಿ ಇಲ್ಲದ್ದರಿಂದ ಅಲ್ಲಿ ಇ ಬಂದು ಕೂರುತ್ತದೆ, ಅಷ್ಟೇ.

ಕ್ ಸದ್ದಿಗೆ ಸಿ ಬರೆಯಬೇಕೋ ಕೆ ಬರೆಯಬೇಕೋ ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಪದದ ಮೊದಲಲ್ಲಿ ಮುಂದಿನ ಅಕ್ಷರ ಎ, ಓ, ಯು ಆಗಿದ್ದರೆ ಸಾಮಾನ್ಯವಾಗಿ ಸಿ: ಕ್ಯಾಟ್, ಕಾಟ್, ಕಪ್. ಇ ಅಥವಾ ಐ ಆಗಿದ್ದರೆ ಕೆ: ಕೀ, ಕಿಟ್, ಕಿಂಗ್. ಈ ಒಂದು ನಿಯಮ ಎಷ್ಟೋ ಪದಗಳನ್ನು ಕಾಯುತ್ತದೆ.

ನಮ್ಮ ಹೆಸರುಗಳ ತೊಡಕು

ಮಗು ಮೊದಲು ಬರೆಯಲು ಕಲಿಯುವ ಇಂಗ್ಲಿಷ್ ಪದ ತನ್ನದೇ ಹೆಸರು. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಲೆಕ್ಕಾಚಾರ ಬೇರೆ, ಇಂಗ್ಲಿಷ್ ಪದಗಳದ್ದು ಬೇರೆ. ಬಸವ ಎಂದು ಬರೆಯುವಾಗ ಅ ಸದ್ದಿಗೆ ಎ ಬಳಸುತ್ತೇವೆ: ಬಿ-ಎ-ಎಸ್-ಎ-ವಿ-ಎ. ಸುಮಾ ಎಂದು ಬರೆಯುವಾಗ ಉ ಸದ್ದಿಗೆ ಯು ಬಳಸುತ್ತೇವೆ. ಇಂಗ್ಲಿಷಿನ ಸನ್, ಬಸ್, ಕಪ್ ಪದಗಳಲ್ಲಿ ಅದೇ ಅ ಸದ್ದಿಗೆ ಯು ಬರುತ್ತದೆ. ಹೀಗಾಗಿ ಮಗು ಸನ್ ಎಂಬುದನ್ನು ಎಸ್-ಎ-ಎನ್ ಎಂದೂ ಬಸ್ ಎಂಬುದನ್ನು ಬಿ-ಎ-ಎಸ್ ಎಂದೂ ಬರೆಯುತ್ತದೆ. ನೋಡಿದವರು ‘ಇಷ್ಟು ಸುಲಭದ್ದೂ ಬರೋಲ್ಲ’ ಎನ್ನುತ್ತಾರೆ. ಮಗು ತನಗೆ ಗೊತ್ತಿರುವ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿದೆ!

ತಕಾರದ್ದೂ ಇದೇ ಕಥೆ. ಲತಾ, ಗೀತಾ, ಸವಿತಾ ಎಂದು ಬರೆಯಲು ನಮ್ಮಲ್ಲಿ ಟಿ-ಎಚ್ ಬಳಸುವುದು ರೂಢಿ. ತುಮಕೂರಿಗೆ ಮಾತ್ರ ಬರಿಯ ಟಿ. ಇಂಗ್ಲಿಷ್ ಪದಗಳಲ್ಲಿ ಟಿ ಎಂದರೆ ಟ್.

ಪರಿಹಾರ ಸರಳ. ನೋಟ್‌ಬುಕ್ಕಿನ ಹಿಂಬದಿಯಲ್ಲಿ “ನಮ್ಮ ಹೆಸರುಗಳು” ಎಂದು ಒಂದು ಹಾಳೆ ಇಡಿ. ಮನೆಯವರ ಹೆಸರು, ಊರಿನ ಹೆಸರು, ಗೆಳೆಯರ ಹೆಸರು ಅಲ್ಲಿರಲಿ. ಇಂಗ್ಲಿಷ್ ಪದಗಳು ಮುಂಬದಿಯಲ್ಲಿ. ಇವೆರಡು ಬೇರೆ ಬೇರೆ ಎಂದು ಮಗುವಿಗೆ ಬಾಯಿಬಿಟ್ಟು ಹೇಳಿ. ಆರು ವರ್ಷದ ಮಗುವಿಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ.

ತಪ್ಪನ್ನು ಓದಿ, ಆಮೇಲೆ ತಿದ್ದಿ

ಒಂದು ಮಗು ಆನೆಯ ಚಿತ್ರದ ಕೆಳಗೆ ಎಲ್-ಎಫ್-ಎನ್-ಟಿ ಎಂದು ಬರೆಯಿತು ಎನ್ನಿ. ಹೆಸರುಗಳನ್ನು ಜೋರಾಗಿ ಓದಿ ನೋಡಿ: ಎಲ್, ಎಫ್, ಎನ್, ಟಿ. ಎಲಿಫೆಂಟ್ ಕೇಳಿಸುತ್ತದೆ! ಸ್ವರಗಳು ಹೆಸರುಗಳೊಳಗೇ ಅಡಗಿವೆ. ಈ ಮಗು ಅಕ್ಷರದ ಹೆಸರನ್ನೇ ಸದ್ದಾಗಿ ಬಳಸುತ್ತಿದೆ. ಅದಕ್ಕೆ ಬೇಕಿರುವುದು ಬೈಗುಳವಲ್ಲ, ಸ್ವರ ಎಲ್ಲಿ ಬರುತ್ತದೆ ಎಂದು ಬೀಜ ತಳ್ಳಿಸುವ ಆಟ. ಶಾಲೆಗೆ ಹೋಗದ ಪುಟ್ಟ ಮಕ್ಕಳು ತಾವೇ ಕಟ್ಟಿಕೊಳ್ಳುವ ಇಂಥ ಸ್ಪೆಲ್ಲಿಂಗುಗಳನ್ನು ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ರೀಡ್ 1971ರಲ್ಲಿ ಗಂಭೀರವಾಗಿ ಅಧ್ಯಯನ ಮಾಡಿ, ಅವುಗಳ ಹಿಂದೆ ಸದ್ದಿನ ಲೆಕ್ಕಾಚಾರವಿದೆ ಎಂದು ತೋರಿಸಿದರು. ಅಲ್ಲಿನ ಮಕ್ಕಳು ಟ್ರೈನ್ ಪದವನ್ನು ಸಿ-ಎಚ್-ಆರ್ ಎಂದು ಶುರು ಮಾಡುತ್ತಿದ್ದರು, ಅವರ ಬಾಯಲ್ಲಿ ಅದು ಚ್ರೇನ್ ಎಂಬಂತೆಯೇ ಇರುತ್ತದೆ. ನಮ್ಮ ಗಟ್ಟಿ ಟಕಾರದಲ್ಲಿ ಈ ತಪ್ಪು ಅಪರೂಪ. ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳು ಹೀಗೆ ಬರೆದರೆ ಗಾಬರಿ ಬೇಡ.

ನಮ್ಮ ಮಕ್ಕಳ ತಪ್ಪುಗಳು ನಮ್ಮ ಉಚ್ಚಾರದಿಂದ ಬರುತ್ತವೆ. ಬಾಕ್ಸ್, ಡಾಗ್, ಪಾಟ್ ಎಂದು ಹೇಳುವ ನಾವು ಅಲ್ಲಿ ಆ ಕೇಳಿಸಿಕೊಳ್ಳುತ್ತೇವೆ, ಮಗು ಎ ಬರೆಯುತ್ತದೆ. ಎಗ್ ಎಂಬುದನ್ನು ಯೆಗ್ ಎನ್ನುವ ಮನೆಯಲ್ಲಿ ಮಗು ವೈ ಇಂದ ಶುರು ಮಾಡುತ್ತದೆ. ವೆಟ್, ವ್ಯಾನ್ ಎರಡರಲ್ಲೂ ನಮಗೆ ಒಂದೇ ವ್, ಬರವಣಿಗೆಯಲ್ಲಿ ಒದ್ದೆಗೆ ಡಬ್ಲ್ಯೂ, ಗಾಡಿಗೆ ವಿ. ಇಲ್ಲಿ ಕಿವಿ ಸಹಾಯ ಮಾಡುವುದಿಲ್ಲ ಎಂದು ಒಪ್ಪಿಕೊಂಡು, ಡಬ್ಲ್ಯೂ ಪದಗಳನ್ನು ಒಟ್ಟಿಗೆ ಒಂದು ಹಾಳೆಯಲ್ಲಿ, ವಿ ಪದಗಳನ್ನು ಇನ್ನೊಂದರಲ್ಲಿ ಬರೆಸಿ ಕಣ್ಣಿಗೆ ರೂಢಿ ಮಾಡಿಸಬೇಕು.

ಒಂದು ದಿನಕ್ಕೆ ಒಂದು ಬಗೆಯ ತಪ್ಪು ತಿದ್ದಿದರೆ ಸಾಕು. ಮೊದಲು ಸರಿಯಾದುದನ್ನು ತೋರಿಸಿ: “ಮೊದಲನೇದು ಸರಿ, ಕೊನೇದು ಸರಿ. ಮಧ್ಯದ್ದು ಇನ್ನೊಮ್ಮೆ ಕೇಳು.”

ಸದ್ದಿಗೆ ಸಿಗದ ಪದಗಳು

ಸೆಡ್, ವಾಸ್, ಒನ್, ಟೂ, ದೆ. ಇವು ದಿನವೂ ಬೇಕಾದ ಪದಗಳು, ಸದ್ದು ಹಿಡಿದು ಹೊರಟರೆ ಸಿಗುವುದಿಲ್ಲ. ಹಾಗೆಂದು ಇಡೀ ಪದ ಬಾಯಿಪಾಠ ಮಾಡಿಸಬೇಕಿಲ್ಲ. ಸೆಡ್ ಪದದಲ್ಲಿ ಮೊದಲ ಎಸ್, ಕೊನೆಯ ಡಿ ಎರಡೂ ಸದ್ದಿನಂತೆಯೇ ಇವೆ, ನಡುವಿನ ಎ-ಐ ಮಾತ್ರ ವಿಚಿತ್ರ. ಅಷ್ಟಕ್ಕೆ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಹಳೆಯ ರಾಗಕ್ಕೆ ಇಲ್ಲಿ ನಿಜವಾದ ಜಾಗವಿದೆ: “ಎಸ್-ಎ-ಐ-ಡಿ ಸೆಡ್” ಎಂದು ಹೆಸರು ಹೇಳುತ್ತಾ ಬರೆಯಲಿ, ಮುಚ್ಚಿ ಮತ್ತೆ ಬರೆಯಲಿ, ತೆರೆದು ತಾನೇ ಹೋಲಿಸಿ ನೋಡಲಿ. ವಾರಕ್ಕೆ ಎರಡು ಮೂರು ಇಂಥ ಪದ ಸಾಕು.

ಯಾವಾಗ ಪರಿಣತರನ್ನು ಕೇಳಬೇಕು

ಮಕ್ಕಳ ವೇಗ ಒಂದೇ ಇರುವುದಿಲ್ಲ. ಪಕ್ಕದ ಮನೆಯ ಮಗುವಿಗೆ ಹೋಲಿಸಬೇಡಿ. ಆದರೂ ವರ್ಷವಿಡೀ ತಾಳ್ಮೆಯಿಂದ ಹೇಳಿಕೊಟ್ಟ ಮೇಲೂ ಪದದ ಮೊದಲ ಸದ್ದು ಹಿಡಿಯಲು ಆಗುತ್ತಿಲ್ಲ, ಕನ್ನಡದ ಅಕ್ಷರಗಳೂ ನಿಲ್ಲುತ್ತಿಲ್ಲ ಎಂದಾದರೆ ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಪದೇ ಪದೇ ಕಿವಿ ಸೋರುವ ಮಕ್ಕಳಿಗೆ ಮೆಲ್ಲನೆಯ ಸದ್ದುಗಳು ಸರಿಯಾಗಿ ಕೇಳಿಸದೆ ಇರಬಹುದು. ಕಿವಿ, ಕಣ್ಣು ಸರಿಯಿದ್ದರೆ ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆ ಇದೆಯೇ ಎಂದು ಪರಿಣತರಲ್ಲಿ ತೋರಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಶ್ರವಣದ ಜೊತೆಗೆ ಮಕ್ಕಳ ಕಲಿಕೆಯ ತೊಂದರೆಗಳ ತಪಾಸಣೆಯೂ ನಡೆಯುತ್ತದೆ. ಹೋಗುವಾಗ ಮಗು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಹೋಗಿ. ತಪ್ಪುಗಳನ್ನು ರಬ್ಬರಿನಿಂದ ಅಳಿಸಿ ಚೆಂದ ಮಾಡಿರಬಾರದು, ನೋಡುವವರಿಗೆ ಬೇಕಿರುವುದು ಆ ತಪ್ಪುಗಳೇ.